ಮಡ್ಡಿಯ ಕಲ್ಲು, ಡೋಣಿಯ ಮಣ್ಣು

ವಿಜಯಪುರದಿಂದ ಪಶ್ಚಿಮಾಭಿಮುಖವಾಗಿ ಹೊರಟು, ತೊರವಿಯ ನರಸಿಂಹ ದೇವಾಲಯವನ್ನು ಹಿಂದಿಕ್ಕಿ, ತಿಕೋಟಾದ ದ್ರಾಕ್ಷಿ ಪಡಗಳ ನಡುವೆ ಹಾದು, ಮಹಾರಾಷ್ಟ್ರದ ಗಡಿಗೆ ಸಮೀಪವಾದ ಕಳ್ಳಕವಟಗಿಯ ಸೀಮೆಯನ್ನು ಪ್ರವೇಶಿಸುವ ಪಥಿಕನಿಗೆ ಪ್ರಕೃತಿಯು ಯಾವ ರಮಣೀಯ ದೃಶ್ಯವನ್ನೂ ಮುಂದೊಡ್ಡುವುದಿಲ್ಲ. ಸಹ್ಯಾದ್ರಿಯ ಶಿಖರಗಳಾಗಲಿ, ಗೋಕಾವಿಯ ಜಲಪಾತವಾಗಲಿ, ಬಾದಾಮಿಯ ಕೆಂಪು ಬಂಡೆಗಳಾಗಲಿ ಇಲ್ಲಿಲ್ಲ. ತಲೆ ಸವೆದು ಚಪ್ಪಟೆಯಾದ ದಿಬ್ಬಗಳು, ಅವುಗಳ ನೆತ್ತಿಯ ಮೇಲೆ ಗೇಣುದ್ದ ಮಣ್ಣೂ ನಿಲ್ಲದ ಮಡ್ಡಿ, ಮಡ್ಡಿಯ ಕೆಳಗೆ ಗರಸು ಬೆರೆತ ಇಳಿಜಾರಿನ ಹೊಲಗಳು, ಅದಕ್ಕೂ ಕೆಳಗೆ ಹಳ್ಳದ ಇಕ್ಕೆಲಗಳಲ್ಲಿ ಹಬ್ಬಿದ ಎರೆಭೂಮಿ, ಇಷ್ಟೇ ಇಲ್ಲಿಯ ನೋಟ. ಆದರೂ ಶಿಲೆಯು ಒಡೆದು ಪುಡಿಯಾಗುವುದು, ಪುಡಿಯಾದುದು ನೀರಿನೊಡನೆ ಸಾಗುವುದು, ಸಾಗಿದುದು ತಗ್ಗನ್ನರಸಿ ನೆಲೆಗೊಳ್ಳುವುದು ಎಂಬ ಭೂವ್ಯಾಪಾರದ ಮೂರು ಅಂಕಗಳನ್ನು ಒಂದು ಹೊತ್ತಿನ ನಡಿಗೆಯೊಳಗೆ ಕಂಡುಕೊಳ್ಳಬೇಕೆಂಬ ಜಿಜ್ಞಾಸುವಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆ ಬೇಕಾಗಿಲ್ಲ.

ಈ ಸೀಮೆಯ ಹಳ್ಳಗಳ ನೀರನ್ನೆಲ್ಲ ಕೂಡಿಸಿಕೊಳ್ಳುವ ನದಿ ಡೋಣಿ. ಸಾಂಗಲಿ ಜಿಲ್ಲೆಯ ಜತ್ತದ ಆಸುಪಾಸಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹರಿದು, ತಾಳಿಕೋಟೆಯನ್ನು ದಾಟಿ, ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯು ಬೇಸಗೆಯಲ್ಲಿ ನೋಡುವವನಿಗೆ ನದಿಯೆಂದೇ ತೋರುವುದಿಲ್ಲ. ಅದರ ನೀರೋ ಉಪ್ಪು. ಆದಾಗ್ಯೂ ಡೋಣಿಯ ದಂಡೆಯಲ್ಲಿ ಬೆಳೆ ಬಂದ ವರ್ಷ ಊರಿನ ಓಣಿಗಳೆಲ್ಲ ಜೋಳದಿಂದ ತುಂಬುತ್ತವೆಂಬ ನಾಣ್ನುಡಿ ಈ ನಾಡಿನ ಜನರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದಿದೆ. ಕುಡಿಯಲು ಬಾರದ ನೀರಿನ ದಂಡೆಯಲ್ಲಿ ನಾಡನ್ನೇ ಉಣ್ಣಿಸತಕ್ಕ ಮಣ್ಣು ಹೇಗೆ ಕೂಡಿಬಂದಿತು? ಮೇಲಿನ ಮಡ್ಡಿಯ ಬಡತನಕ್ಕೂ ಕೆಳಗಿನ ಎರೆಯ ಸಿರಿಗೂ ಸಂಬಂಧವೇನಾದರೂ ಉಂಟೆ? ಈ ಎರಡು ಪ್ರಶ್ನೆಗಳಿಗೆ ಉತ್ತರವು ಒಂದೇ ಆಗಿರುವುದರಿಂದ, ಅದನ್ನು ಕಲ್ಲಿನ ಹುಟ್ಟಿನಿಂದಲೇ ಆರಂಭಿಸಿ ಹೇಳುವುದು ಯುಕ್ತ.

ಕಲ್ಲು ಬಂದ ಬಗೆ

ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಭಾರತಖಂಡವು ಇನ್ನೂ ಏಷ್ಯಾದೊಡನೆ ಕೂಡಿಕೊಳ್ಳದೆ ಸಾಗರಮಧ್ಯದಲ್ಲಿ ಉತ್ತರಕ್ಕೆ ಸರಿಯುತ್ತಿದ್ದ ಕಾಲದಲ್ಲಿ, ಅದರ ಪಶ್ಚಿಮಭಾಗದ ನೆಲವು ಬಿರಿದು, ಆ ಬಿರುಕುಗಳಿಂದ ಶಿಲಾದ್ರವವು ಉಕ್ಕಿ ಹರಿಯಿತು. ಇದು ಶಿಖರವುಳ್ಳ ಜ್ವಾಲಾಮುಖಿಯ ಆರ್ಭಟವಾಗಿರದೆ, ಬಯಲನ್ನೆಲ್ಲ ಮುಳುಗಿಸುತ್ತ ಹೋದ ಪ್ರವಾಹವಾಗಿತ್ತು. ಒಂದು ಪ್ರವಾಹವು ಆರಿ ಗಟ್ಟಿಯಾದ ತರುವಾಯ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಹರಡಿದ ಈ ಪದರುಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿಕೊಂಡಿವೆ. ಮಹಾರಾಷ್ಟ್ರದ ಘಟ್ಟಗಳ ಕಡೆಗೆ ಇವುಗಳ ಒಟ್ಟು ದಪ್ಪವು ಎರಡು ಕಿಲೋಮೀಟರಿಗೂ ಮೀರಿದ್ದರೆ, ಪೂರ್ವಕ್ಕೂ ದಕ್ಷಿಣಕ್ಕೂ ಬಂದಂತೆ ತೆಳುವಾಗುತ್ತ ವಿಜಯಪುರ ಜಿಲ್ಲೆಯ ಆಗ್ನೇಯಭಾಗದಲ್ಲಿ ಮುಗಿದುಹೋಗುತ್ತವೆ. ಅಲ್ಲಿ, ತಾಳಿಕೋಟೆಯ ಸುತ್ತ, ಈ ಕರಿಕಲ್ಲಿನ ಹೊದಿಕೆ ಸರಿದು ಅದರ ಅಡಿಯ ಪುರಾತನ ಸುಣ್ಣದ ಶಿಲೆಯು ಹೊರಗೆ ಕಾಣುತ್ತದೆ. ಕೃಷ್ಣೆಯ ದಕ್ಷಿಣಕ್ಕೆ ಬಾಗಲಕೋಟೆ, ಬಾದಾಮಿಗಳ ಕಡೆಗೆ ಹೋದರೆ ಕಲಾದಗಿ ಸಮುದಾಯವೆಂದು ಹೆಸರುಪಡೆದ, ಇನ್ನೂ ಬಹು ಪ್ರಾಚೀನವಾದ ಮರಳುಗಲ್ಲುಗಳು ಗೋಚರಿಸುತ್ತವೆ.

ಈ ಪ್ರದೇಶದ ಶಿಲಾವಿಭಾಗಗಳನ್ನು ಮೊದಲಬಾರಿಗೆ ಕ್ರಮಬದ್ಧವಾಗಿ ವಿವರಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್. ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲ್ಪಡುತ್ತಿದ್ದ ಈ ನಾಡಿನ ಭೂರಚನೆಯನ್ನು ಕುರಿತ ಆತನ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಕಲಾದಗಿಯ ಹೆಸರು ಭೂವಿಜ್ಞಾನದ ಪರಿಭಾಷೆಯೊಳಗೆ ಸೇರಿದುದು ಆತನಿಂದಲೇ. ಭಾರತದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಮೊಟ್ಟಮೊದಲು, 1863ರಲ್ಲಿ, ಮದರಾಸಿನ ಬಳಿಯ ಪಲ್ಲಾವರದಲ್ಲಿ ಗುರುತಿಸಿದವನೂ ಆತನೇ. ಕಲ್ಲನ್ನು ಓದಬಲ್ಲವನಿಗೆ ಮನುಷ್ಯನ ಪೂರ್ವಚರಿತ್ರೆಯೂ ಕೈಗೆ ಸಿಗುತ್ತದೆಂಬುದಕ್ಕೆ ಫೂಟನ ಜೀವಿತಕ್ಕಿಂತ ಬೇರೆ ನಿದರ್ಶನವು ಬೇಕಾಗುವುದಿಲ್ಲ.

ತಿಕೋಟಾ, ಕಳ್ಳಕವಟಗಿಗಳ ದಿಬ್ಬಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಕ್ಕೆ ಕಾರಣವು ಈ ಪದರುಗಳ ಸ್ವಭಾವದಲ್ಲಿದೆ. ಪ್ರತಿಯೊಂದು ಪ್ರವಾಹದ ಒಡಲು ಗಟ್ಟಿ, ನೆತ್ತಿಯ ಭಾಗ ಜೊಳ್ಳು. ಏಕೆಂದರೆ ದ್ರವದೊಳಗಿನ ಅನಿಲಗಳು ಗುಳ್ಳೆಗಳಾಗಿ ಮೇಲಕ್ಕೇರಿ, ಹೊರಬೀಳುವುದಕ್ಕೆ ಮೊದಲೇ ಕಲ್ಲು ಹೆಪ್ಪುಗಟ್ಟಿದ್ದರಿಂದ, ಅಲ್ಲಿ ಅಸಂಖ್ಯಾತವಾದ ರಂಧ್ರಗಳು ಉಳಿದವು. ಕಾಲಕ್ರಮದಲ್ಲಿ ಆ ರಂಧ್ರಗಳನ್ನು ಅಂತರ್ಜಲವು ತಂದ ಸ್ಫಟಿಕ, ಕ್ಯಾಲ್ಸೈಟ್, ಜಿಯೋಲೈಟ್ ಮೊದಲಾದ ಬಿಳಿಯ ಖನಿಜಗಳು ತುಂಬಿಕೊಂಡವು. ಬಾವಿ ತೋಡುವಾಗ ಕರಿಯ ಕಲ್ಲಿನೊಳಗೆ ಬಿಳಿಯ ಬೊಟ್ಟುಗಳು ಕಾಣಿಸುವುದು ಇದರಿಂದಲೇ. ಗಟ್ಟಿಯ ಒಡಲು ನಿಧಾನವಾಗಿಯೂ ಜೊಳ್ಳು ನೆತ್ತಿ ಶೀಘ್ರವಾಗಿಯೂ ಸವೆಯುವುದರಿಂದ, ಒಂದು ಕಡಿದಾದ ಅಂಚು, ಅದರ ಕೆಳಗೊಂದು ಸಮತಟ್ಟು, ಮತ್ತೆ ಅಂಚು, ಮತ್ತೆ ಸಮತಟ್ಟು ಎಂಬ ರೂಪವು ದಿಬ್ಬಗಳಿಗೆ ಬಂದೊದಗಿದೆ. ಎರಡು ಪ್ರವಾಹಗಳ ನಡುವೆ ಕೆಲವೆಡೆ ಕೆಂಪು ಜೇಡಿಯ ತೆಳ್ಳನೆಯ ಪಟ್ಟಿಯೊಂದು ಕಾಣಬರುವುದುಂಟು. ಒಂದು ಪ್ರವಾಹವು ಮುಗಿದು ಮುಂದಿನದು ಬರುವುದರೊಳಗೆ ಆ ಅವಧಿಯ ಗಾಳಿಮಳೆಗಳಿಗೆ ಸಿಕ್ಕು ಕಲ್ಲಿನ ಮೈ ಮಣ್ಣಾಗಿದ್ದಿತೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಅಂದರೆ ಶಿಲೆಯು ಹುಟ್ಟುತ್ತಿದ್ದಾಗಲೇ ಅದರ ಕ್ಷಯವೂ ಆರಂಭವಾಗಿತ್ತು.

ಒಡೆಯುವ ಬಗೆ

ಕಲ್ಲು ಒಡೆಯುವುದು ಎರಡು ರೀತಿಯಿಂದ. ಮೊದಲನೆಯದು ಬಲಪ್ರಯೋಗ, ಎರಡನೆಯದು ರಸಕ್ರಿಯೆ. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಈ ಸೀಮೆಯ ಉಷ್ಣತೆಯು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ನೆರಳಿಲ್ಲದ ಕರಿಯ ಬಂಡೆಯ ಮೈಯಂತೂ ಗಾಳಿಗಿಂತ ಎಷ್ಟೋ ಹೆಚ್ಚಾಗಿ ಕಾಯುತ್ತದೆ. ಹಗಲು ಹಿಗ್ಗಿ ಇರುಳು ಕುಗ್ಗುವ ಶಿಲೆಯ ಮೈಯಲ್ಲಿ ಸೂಕ್ಷ್ಮವಾದ ಸೀಳುಗಳು ಮೂಡಿ, ಆ ಸೀಳುಗಳಲ್ಲಿ ನೀರು ಹೊಕ್ಕು, ನೀರು ಆರಿದಾಗ ಉಳಿದ ಲವಣದ ಹರಳುಗಳು ಬೆಳೆದು ಒತ್ತಿ, ಬೇವು ಬನ್ನಿಗಳ ಬೇರುಗಳು ಅದೇ ಹಾದಿಯನ್ನು ಹಿಡಿದು ಇಳಿದು, ಇಡಿಯಾಗಿದ್ದ ಬಂಡೆಯು ತುಂಡುಗಳಾಗುತ್ತದೆ. ಹುಟ್ಟಿನಲ್ಲಿಯೇ ಬಂದ ಬಿರುಕುಗಳೂ ಕರಿಕಲ್ಲಿಗೆ ಉಂಟು. ಶಿಲಾದ್ರವವು ಆರಿ ಕುಗ್ಗುವಾಗಲೇ ಅದರಲ್ಲಿ ನೆಟ್ಟನೆಯ ಸಂದುಗಳು ಬಿದ್ದಿದ್ದುದರಿಂದ ನೀರಿಗೆ ದ್ವಾರವು ಆದಿಯಿಂದಲೂ ತೆರೆದೇ ಇದೆ.

ಆದರೆ ಬಲವು ಕಲ್ಲನ್ನು ಸಣ್ಣದಾಗಿ ಮಾಡಬಲ್ಲುದೇ ಹೊರತು ಮಣ್ಣಾಗಿ ಮಾರ್ಪಡಿಸಲಾರದು. ಆ ಕಾರ್ಯವು ರಸಕ್ರಿಯೆಗೆ ಸೇರಿದ್ದು. ಆಕಾಶದಿಂದ ಇಳಿಯುವ ಮಳೆಯು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ಅತಿ ಮಂದವಾದ ಆಮ್ಲವಾಗಿ ನೆಲವನ್ನು ಮುಟ್ಟುತ್ತದೆ. ನೆಲದೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಅದೇ ಅನಿಲವು ಬೆರೆತು ಆಮ್ಲದ ತೀಕ್ಷ್ಣತೆ ಹೆಚ್ಚುತ್ತದೆ. ಭೂವಿಜ್ಞಾನಿಗಳು ಬಸಾಲ್ಟ್ ಎಂದು ಕರೆಯುವ ಈ ಕರಿಕಲ್ಲಿನ ಮುಖ್ಯ ಘಟಕಗಳಾದ ಆಲಿವೀನ್, ಪೈರಾಕ್ಸೀನ್, ಸುಣ್ಣಾಂಶವುಳ್ಳ ಫೆಲ್ಡ್‌ಸ್ಪಾರ್ ಇವು ಶಿಲಾದ್ರವದ ಮಹೋಷ್ಣದಲ್ಲಿ ಹರಳುಗಟ್ಟಿದವುಗಳಾದ್ದರಿಂದ ಭೂತಲದ ತಂಪು ತೇವಗಳ ಸ್ಥಿತಿಯು ಅವುಗಳಿಗೆ ಒಗ್ಗುವುದಿಲ್ಲ. ಯಾವ ಖನಿಜವು ಹೆಚ್ಚು ಉಷ್ಣದಲ್ಲಿ ಮೊದಲು ಹರಳಾಯಿತೋ ಅದೇ ಮೇಲೆ ಬಂದಾಗ ಮೊದಲು ಕೆಡುತ್ತದೆಂಬುದನ್ನು 1938ರಲ್ಲಿ ಅಮೆರಿಕದ ಗೋಲ್ಡಿಚ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಆಲಿವೀನ್ ಎಲ್ಲಕ್ಕೂ ಮುಂಚೆ ಸಡಿಲುತ್ತದೆ. ಸ್ಫಟಿಕವು ಎಲ್ಲಕ್ಕೂ ಕೊನೆಗೆ. ಕರಿಕಲ್ಲಿನ ಘಟಕಗಳಲ್ಲಿ ಸ್ಫಟಿಕವು ಇಲ್ಲವೆಂದೇ ಹೇಳಬಹುದಾದ್ದರಿಂದ ಅದು ಕೊಳೆತಾಗ ಉಳಿಯುವುದು ಮರಳಲ್ಲ, ಜೇಡಿ. ಬಾದಾಮಿಯ ಕಡೆ ಮರಳುಗಲ್ಲು ಸವೆದು ಮತ್ತೆ ಮರಳನ್ನೇ ಕೊಡುತ್ತದೆ. ತಿಕೋಟಾದ ಕಡೆ ಕರಿಕಲ್ಲು ಸವೆದು ಎರೆಯನ್ನು ಕೊಡುತ್ತದೆ. ಒಂದೇ ಮಳೆ, ಒಂದೇ ಬಿಸಿಲು, ಕೇವಲ ತಾಯಿಶಿಲೆಯ ಭೇದದಿಂದ ಎರಡು ನಾಡುಗಳ ಹೊಲ, ಬೆಳೆ, ಮನೆಗಳ ಬಣ್ಣವೇ ಬೇರೆಯಾಗಿದೆ.

ರಸ್ತೆಗಾಗಿ ದಿಬ್ಬವನ್ನು ಕಡಿದ ಸ್ಥಳದಲ್ಲಿಯೋ ತೆರೆದ ಬಾವಿಯ ಗೋಡೆಯಲ್ಲಿಯೋ ಈ ಕೊಳೆಯುವಿಕೆಯ ಸೋಪಾನಕ್ರಮವನ್ನು ನೋಡಬಹುದು. ಸಂದುಗಳಿಂದ ಚೌಕಾಕಾರವಾಗಿ ಬೇರ್ಪಟ್ಟ ಬಂಡೆಯ ಮೂಲೆಗಳನ್ನು ನೀರು ಮೂರು ದಿಕ್ಕಿನಿಂದಲೂ, ಅಂಚುಗಳನ್ನು ಎರಡು ದಿಕ್ಕಿನಿಂದಲೂ, ಮುಖವನ್ನು ಒಂದೇ ದಿಕ್ಕಿನಿಂದಲೂ ಆಕ್ರಮಿಸುವುದರಿಂದ ಮೂಲೆಗಳು ಮೊದಲು ಸವೆದು ಬಂಡೆಯು ಗುಂಡಾಗುತ್ತದೆ. ಆ ಗುಂಡಿನ ಸುತ್ತ ಕೊಳೆತ ಕಲ್ಲು ಉಳ್ಳಾಗಡ್ಡಿಯ ಪದರುಗಳಂತೆ ಒಂದೊಂದಾಗಿ ಸುಲಿಯುತ್ತದೆ. ಹೊರಗಿನ ಪದರನ್ನು ಬೆರಳಿನಿಂದ ಪುಡಿಮಾಡಬಹುದು. ಒಳಗಿನ ತಿರುಳಿಗೆ ಸುತ್ತಿಗೆಯೇ ಬೇಕು. ಈ ಪುಡಿಯೇ ನಮ್ಮ ಜನರು ಗರಸೆಂದು ಕರೆದು ಮನೆಯಂಗಳಕ್ಕೂ ದಾರಿಗೂ ಹಾಸುವ ವಸ್ತು. ಕಲ್ಲಿಗೂ ಮಣ್ಣಿಗೂ ನಡುವಣ ಈ ಅವಸ್ಥೆಯು ಈ ಬರಡು ಸೀಮೆಗೆ ಮಾಡಿದ ಉಪಕಾರವು ಬಹು ದೊಡ್ಡದು. ಗಟ್ಟಿಯಾದ ಕರಿಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಗರಸಿನ ಸಂದುಗಳಲ್ಲಿಯೂ ಕೊಳೆತ ಪದರುಗಳಲ್ಲಿಯೂ ನಿಲ್ಲುತ್ತದೆ. ಆದಿಲ್‌ಶಾಹಿಯ ಕಾಲದಲ್ಲಿ ತೊರವಿಯ ನೀರನ್ನು ನೆಲದೊಳಗಿನ ಸುರಂಗದ ಮೂಲಕ ವಿಜಯಪುರದ ಕೋಟೆಯೊಳಕ್ಕೆ ಹರಿಸಿದ ಕುಶಲಿಗಳು ಈ ನೆಲದ ಒಳಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಶಂಕೆ ಏಳಬಹುದು. ಕರಿಕಲ್ಲು ಇಷ್ಟು ಸುಲಭವಾಗಿ ಕೊಳೆಯತಕ್ಕದ್ದಾದರೆ, ಅದೇ ಕಲ್ಲಿನಿಂದ ಕಟ್ಟಿದ ಗೋಳಗುಮ್ಮಟವು, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನನ್ನು ಒಡಲಲ್ಲಿಟ್ಟುಕೊಂಡು, ಮೂರೂವರೆ ಶತಮಾನಗಳ ಮಳೆಬಿಸಿಲುಗಳನ್ನು ಸಹಿಸಿ ಇಂದಿಗೂ ಹೇಗೆ ನಿಂತಿದೆ? ಸಮಾಧಾನವು ತೇವದ ವಿಚಾರದಲ್ಲಿದೆ. ಗೋಡೆಯ ಕಲ್ಲಿನ ಮೇಲೆ ಬಿದ್ದ ಮಳೆಯು ಜಾರಿಹೋಗಿ, ಗಾಳಿಗೂ ಬಿಸಿಲಿಗೂ ಮೈ ಬೇಗನೆ ಒಣಗುತ್ತದೆ. ಮಣ್ಣಿನಡಿಯ ಕಲ್ಲಾದರೋ ತಿಂಗಳುಗಟ್ಟಲೆ ಆಮ್ಲಜಲದಲ್ಲಿ ತೊಯ್ದೇ ಇರುತ್ತದೆ. ಆದಕಾರಣ ಮಣ್ಣಿನ ಹೊದಿಕೆಯುಳ್ಳ ಶಿಲೆಯು ಬರಿಮೈಯ ಶಿಲೆಗಿಂತ ಬೇಗ ಮಣ್ಣಾಗುತ್ತದೆ. ಇದರಿಂದ ಹೊರಡುವ ಇನ್ನೊಂದು ಸತ್ಯವು ಕೃಷಿಕನಿಗೆ ಗಂಭೀರವಾದದ್ದು: ಮಣ್ಣು ತಾನಿದ್ದಲ್ಲಿ ಮಣ್ಣನ್ನು ಹುಟ್ಟಿಸುತ್ತದೆ, ಒಮ್ಮೆ ಮಣ್ಣು ಕೊಚ್ಚಿಹೋಗಿ ಬಂಡೆಯು ಬತ್ತಲಾದ ಮಡ್ಡಿಯಲ್ಲಿ ಹೊಸ ಮಣ್ಣಿನ ಹುಟ್ಟೂ ನಿಂತಂತೆಯೇ ಸರಿ.

ಸಾಗುವ ಬಗೆ

ವಿಜಯಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆಯು ಸರಾಸರಿಯಲ್ಲಿ 600 ಮಿಲಿಮೀಟರಿನ ಒಳಗೇ. ಇಷ್ಟು ಅಲ್ಪವೃಷ್ಟಿಯ ನಾಡಿನಲ್ಲಿ ಮಣ್ಣು ಕೊಚ್ಚಿಹೋಗುವ ಭಯವೇಕೆಂದು ಹೊರಗಿನವರು ಕೇಳಬಹುದು. ಮಳೆಯ ಒಟ್ಟು ಮೊತ್ತಕ್ಕಿಂತ ಅದು ಬೀಳುವ ರೀತಿಯೇ ಇಲ್ಲಿ ಮುಖ್ಯ. ಮುಂಗಾರಿನಲ್ಲಿ ಮೋಡಗಳು ತೇಲಿಹೋಗಿ, ಉತ್ತರಿ ಹಸ್ತಗಳ ಹೊತ್ತಿಗೆ ಸಿಡಿಲು ಗುಡುಗುಗಳೊಡನೆ ಸುರಿಯುವ ಮಳೆಯು ತಿಂಗಳ ಪಾಲನ್ನು ಒಂದೆರಡು ಗಂಟೆಗಳಲ್ಲಿಯೇ ಸುರಿದುಬಿಡುವುದುಂಟು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆಯೆಂದರೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು, ನೂರು ಟನ್ನಿನ ಭಾರ. ದಪ್ಪ ಹನಿಗಳು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ಬಂದು ಬರಿನೆಲವನ್ನು ಅಪ್ಪಳಿಸುತ್ತವೆ. ಪ್ರತಿಯೊಂದು ಹನಿಯೂ ಮಣ್ಣಿನ ಹೆಂಟೆಯನ್ನು ಒಡೆದು, ಕಣಗಳನ್ನು ಮೇಲಕ್ಕೆ ಸಿಡಿಸಿ, ಸಿಡಿದ ಕಣಗಳಿಂದ ನೆಲದ ಸೂಕ್ಷ್ಮರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇಂಗಬೇಕಾದ ನೀರು ಇಂಗದೆ ಹರಿಯುವುದಕ್ಕೆ ಇದೇ ನಾಂದಿ.

ಈ ನಾಡಿನ ಬೇಸಾಯದ ಕ್ರಮವೂ ಅದಕ್ಕೆ ಒಂದು ಕಾರಣವಾಗಿರುವುದನ್ನು ಮರೆಮಾಚಲಾಗದು. ಆಳವಾದ ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ, ಗೋಧಿಗಳನ್ನು ಬಿತ್ತುವವರು ಮಳೆಗಾಲವಿಡೀ ಹೊಲವನ್ನು ಬರಿದಾಗಿ ಬಿಟ್ಟು, ಕುಂಟೆ ಹೊಡೆದು, ತೇವವನ್ನು ಕೂಡಿಡುತ್ತಾರೆ. ಹಸಿ ಎರೆಯಲ್ಲಿ ರಂಟೆಯೂ ಎತ್ತೂ ಹೂತುಹೋಗುವುದರಿಂದ ಈ ಕ್ರಮವು ಅವರ ಅಜ್ಞಾನದಿಂದ ಹುಟ್ಟಿದುದಲ್ಲ, ಅನುಭವದಿಂದ ಹುಟ್ಟಿದುದು. ಆದರೂ ಮಳೆಯು ಅತಿ ರಭಸವಾಗಿ ಬೀಳುವ ದಿನಗಳಲ್ಲಿಯೇ ನೆಲಕ್ಕೆ ಹಸಿರಿನ ಹೊದಿಕೆ ಇಲ್ಲದಿರುವುದು ಮಣ್ಣಿನ ದುರ್ದೈವ.

ಮೊದಲು ನೀರು ಹೊಲದ ಮೈಮೇಲೆ ತೆಳ್ಳಗೆ ಹರಡಿ ಹರಿಯುತ್ತದೆ. ಆಗ ಹೋಗುವ ಮಣ್ಣು ಕಣ್ಣಿಗೆ ಕಾಣದು. ಆದರೆ ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋಯಿತೆಂದರೆ ಸುಮಾರು 5 ಟನ್ನು ಹೋದಂತಾಯಿತು. ಆಮೇಲೆ ನೀರು ಕುಂಟೆಯ ಸಾಲುಗಳಲ್ಲಿಯೋ ಬಂಡಿಯ ಜಾಡಿನಲ್ಲಿಯೋ ಕೂಡಿಕೊಂಡು ಸಣ್ಣ ಕೊರಕಲುಗಳನ್ನು ತೆಗೆಯುತ್ತದೆ. ಕೊರಕಲುಗಳು ಒಂದಕ್ಕೊಂದು ಸೇರಿ ಹಳ್ಳವಾಗುತ್ತವೆ. ಹಳ್ಳದ ತಲೆಯು ವರ್ಷವರ್ಷಕ್ಕೂ ಹೊಲದೊಳಕ್ಕೆ ಮೇಲುಮೇಲಕ್ಕೆ ಏರುತ್ತದೆ. ಕೂಡಿ ಹರಿಯುವ ನೀರಿಗೆ ಬಲವು ಬರುವ ಲೆಕ್ಕವು ಸಾಮಾನ್ಯ ಗಣಿತಕ್ಕೆ ವಿಸ್ಮಯಕರ. ನೀರಿನ ವೇಗವು ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಅರುವತ್ತನಾಲ್ಕು ಮಡಿಯಾಗುತ್ತದೆಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೇ ಲೆಕ್ಕಹಾಕಿ ತೋರಿಸಿದ್ದರು. ಬೇಸಗೆಯಲ್ಲಿ ಒಣಗಿ ಬಿದ್ದ ಹಳ್ಳದ ತಳದಲ್ಲಿ, ಇಬ್ಬರು ಸೇರಿದರೂ ಎತ್ತಲಾಗದ ಗುಂಡುಗಳನ್ನು ಕಂಡು ಇವು ಇಲ್ಲಿಗೆ ಹೇಗೆ ಬಂದವೆಂದು ಅಚ್ಚರಿಪಡುವವರಿಗೆ ಒಂದು ರಾತ್ರಿಯ ಹಸ್ತದ ಮಳೆಯೇ ಉತ್ತರ.

ನೀರು ತಾನು ಹೊತ್ತುದನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ವೇಗ ತಗ್ಗಿದೊಡನೆ ಮೊದಲು ಗುಂಡುಗಳೂ ಜಲ್ಲಿಯೂ, ಬಳಿಕ ಗರಸೂ ಮರಳೂ, ಕಟ್ಟಕಡೆಗೆ ಜೇಡಿಯೂ ತಂಗುತ್ತವೆ. ಮರಳಿನ ಕಣವು ನಿಂತ ನೀರಿನಲ್ಲಿ ಕ್ಷಣಮಾತ್ರದಲ್ಲಿ ತಳವನ್ನು ಸೇರಿದರೆ, ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ 10 ಸೆಂಟಿಮೀಟರ್ ಇಳಿಯುವುದಕ್ಕೆ ಸುಮಾರು 8 ಗಂಟೆ ಬೇಕು. ಕರಿಕಲ್ಲಿನ ನಾಡಿನಲ್ಲಿ ಹುಟ್ಟುವುದೆಲ್ಲ ಬಹುಮಟ್ಟಿಗೆ ಜೇಡಿಯೇ ಆದ್ದರಿಂದ, ಒಮ್ಮೆ ಹೊಲವನ್ನು ಬಿಟ್ಟು ಹೊರಟ ಮಣ್ಣು ಹತ್ತಿರದಲ್ಲೆಲ್ಲಿಯೂ ನಿಲ್ಲದೆ ದೂರದವರೆಗೂ ಸಾಗಿಹೋಗುತ್ತದೆ.

ನೆಲೆಗೊಳ್ಳುವ ಬಗೆ

ಹೀಗೆ ಬಂದ ಜೇಡಿಯೇ ಡೋಣಿಯ ಕಣಿವೆಯ ಸಿರಿ. ದಿಬ್ಬದ ತಲೆಯಲ್ಲಿ ಗೇಣುದ್ದವೂ ಇಲ್ಲದ ಮಣ್ಣು, ಇಳಿಜಾರಿನಲ್ಲಿ ಮೊಣಕಾಲಿನಾಳವಾಗಿ, ಕಣಿವೆಯ ತಳದಲ್ಲಿ ಹಲವು ಆಳುದ್ದದ ಎರೆಯಾಗುವುದನ್ನು ಮಣ್ಣಿನ ಪಂಡಿತರು ಒಂದೇ ಸರಪಳಿಯ ಕೊಂಡಿಗಳೆಂದು ವರ್ಣಿಸುತ್ತಾರೆ. ಕಣಿವೆಯ ಎರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿಯೇ ಇರುವುದುಂಟು. ಅದರ ಮುಖ್ಯ ಖನಿಜವಾದ ಮಾಂಟ್ಮೊರಿಲೊನೈಟ್ ತನ್ನ ಪದರುಗಳ ನಡುವೆ ನೀರನ್ನು ಹೀರಿ ಉಬ್ಬಿ, ನೀರು ಹೋದಾಗ ಕುಗ್ಗುವ ಸ್ವಭಾವದ್ದು. ಫಾಲ್ಗುಣ ಚೈತ್ರಗಳಲ್ಲಿ ಎರೆಹೊಲವು ಬಾಯಿಬಿಟ್ಟು, ಕರುವಿನ ಕಾಲು ಸಿಕ್ಕಿಬೀಳುವಷ್ಟು ಅಗಲವಾಗಿಯೂ ಮೀಟರಿನಷ್ಟು ಆಳವಾಗಿಯೂ ಬಿರಿಯುವುದು ಈ ಕಾರಣದಿಂದ. ಮೇಲಿನ ಪುಡಿಮಣ್ಣು ಆ ಬಿರುಕುಗಳೊಳಗೆ ಉದುರಿ, ಮಳೆ ಬಂದಾಗ ಬಿರುಕು ಮುಚ್ಚಿ, ಒಳಗಿನದು ಒತ್ತಿ ಮೇಲೆದ್ದು, ಎರೆಯು ತನ್ನನ್ನು ತಾನೇ ನಿಧಾನವಾಗಿ ಮಗುಚಿಕೊಳ್ಳುತ್ತಿರುತ್ತದೆ. ಹಿಂಗಾರಿನಲ್ಲಿ ಒಂದು ಹನಿಯೂ ಬೀಳದಿದ್ದರೂ ಬಿಳಿಜೋಳವು ತೆನೆ ಕಟ್ಟುವುದು ಈ ಜೇಡಿಯು ಹಿಡಿದಿಟ್ಟ ಮಳೆಗಾಲದ ತೇವದಿಂದಲೇ.

ಎರೆಯ ಕಪ್ಪನ್ನು ಕಂಡು ಅದರಲ್ಲಿ ಸಾವಯವ ಸಾರವು ತುಂಬಿದೆಯೆಂದು ತಿಳಿಯುವುದು ಭ್ರಮೆ. ಕರಿಕಲ್ಲಿನ ಕಬ್ಬಿಣ, ಟೈಟೇನಿಯಂ ಖನಿಜಗಳೂ ಜೇಡಿಯೊಡನೆ ಗಾಢವಾಗಿ ಅಂಟಿಕೊಂಡ ಅಲ್ಪಸ್ವಲ್ಪ ಸಾವಯವಾಂಶವೂ ಕೂಡಿ ಆ ವರ್ಣವನ್ನು ಕೊಟ್ಟಿವೆ. ಸಾರಜನಕದಲ್ಲಿಯೂ ಸಾವಯವ ಇಂಗಾಲದಲ್ಲಿಯೂ ಈ ಮಣ್ಣು ಬಡವೇ.

ಇನ್ನು ಉಪ್ಪಿನ ವಿಚಾರ. ಕಲ್ಲು ಕೊಳೆಯುವಾಗ ಜೇಡಿಯಾಗಿ ಉಳಿಯುವ ಭಾಗವು ಒಂದಾದರೆ, ನೀರಿನಲ್ಲಿ ಕರಗಿಹೋಗುವ ಭಾಗವು ಇನ್ನೊಂದು. ಸುಣ್ಣ, ಮೆಗ್ನೀಶಿಯಂ, ಸೋಡಿಯಂ ಇವು ಕರಗಿ ಇಳಿಜಾರನ್ನು ಹಿಡಿದು ಕಣಿವೆಗೆ ಬರುತ್ತವೆ. ಮಲೆನಾಡಿನಂತೆ ಮಳೆ ಹೇರಳವಾಗಿದ್ದ ಪಕ್ಷದಲ್ಲಿ ಇವೆಲ್ಲವೂ ತೊಳೆದು ಸಮುದ್ರವನ್ನು ಸೇರುತ್ತಿದ್ದವು. ಈ ಸೀಮೆಯಲ್ಲಿ ಬೀಳುವ ಮಳೆಗಿಂತ ಬಿಸಿಲು ಹೀರುವ ನೀರೇ ಹೆಚ್ಚಾದ್ದರಿಂದ ಅವು ನಡುದಾರಿಯಲ್ಲಿಯೇ ಉಳಿಯುತ್ತವೆ. ಮೊದಲು ಉಳಿಯುವುದು ಸುಣ್ಣ. ಹೊಲ ಉಳುವಾಗ ರಂಟೆಗೆ ತಗಲುವ ಬಿಳಿಯ ಸುಣ್ಣಗಲ್ಲಿನ ಹರಳುಗಳೇ ಅದು. ಸೋಡಿಯಂ ಇನ್ನೂ ಮುಂದಕ್ಕೆ ಸಾಗಿ, ನೀರು ಹೊರಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ಸವಳಾಗಿ ಮೇಲೇಳುತ್ತದೆ, ಉಳಿದುದು ಡೋಣಿಯ ನೀರನ್ನು ಉಪ್ಪಾಗಿಸುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವು ಇಲ್ಲಿದೆ. ಡೋಣಿಯ ಮಣ್ಣಿನ ಸಾರವೂ ಅದರ ನೀರಿನ ಉಪ್ಪೂ ಒಂದೇ ಕರಿಕಲ್ಲಿನ ಎರಡು ಪಾಲುಗಳು. ಮೇಲಿನ ಮಡ್ಡಿಯ ಬಡತನವೇ ಆ ಎರಡಕ್ಕೂ ತೆತ್ತ ಬೆಲೆ.

ನೆಲೆಗೊಂಡುದು ಎಂದೆಂದಿಗೂ ನೆಲೆನಿಂತಿತೆಂದು ತಿಳಿಯಬಾರದು. ನದಿಗಳು ತಾವು ಹಾಸಿದುದನ್ನು ತಾವೇ ಕೊರೆಯುವುದುಂಟು. ಮಲಪ್ರಭೆಯು ಕೊರೆದ ದಂಡೆಗಳಲ್ಲಿ ಜಲ್ಲಿಯ ಪದರುಗಳೊಳಗೆ ಆದಿಮಾನವನ ಕಲ್ಲಿನ ಆಯುಧಗಳು ಸಿಕ್ಕಿದ್ದು, ಆ ಪದರುಗಳಿಂದ ಪ್ರಾಚೀನ ಕಾಲದ ಮಳೆಗಾಳಿಗಳ ಏರಿಳಿತವನ್ನು ಊಹಿಸಿದ ಆರ್. ವಿ. ಜೋಶಿಯವರ ಅಧ್ಯಯನವು 1955ರಲ್ಲಿ ಗ್ರಂಥರೂಪವಾಗಿ ಪ್ರಕಟವಾಗಿದೆ. ಡೋಣಿ ಹೊರುವ ಜೇಡಿಗೂ ಕಣಿವೆಯು ಕೊನೆಯ ತಂಗುದಾಣವಲ್ಲ. ಕೃಷ್ಣೆಯನ್ನು ಸೇರಿದ ಮೇಲೆ ಅದರ ಗಮ್ಯವು ಬಂಗಾಳ ಉಪಸಾಗರದ ತೀರದ ಮುಖಜಭೂಮಿ. ಆಂಧ್ರದ ಕೃಷ್ಣಾ ತೀರದ ಬತ್ತದ ಗದ್ದೆಗಳಲ್ಲಿ ನಮ್ಮ ಕರಿಕಲ್ಲಿನ ಜೇಡಿಯೂ ಸೇರಿದೆ. ಶ್ರೀಶೈಲ, ನಾಗಾರ್ಜುನಸಾಗರ ಮೊದಲಾದ ಅಣೆಕಟ್ಟೆಗಳು ಎದ್ದ ತರುವಾಯ ಆ ಪ್ರಯಾಣದ ಬಹುಪಾಲು ಜಲಾಶಯಗಳ ತಳದಲ್ಲಿಯೇ ಮುಗಿಯುತ್ತಿದ್ದು, ಜಲಾಶಯದ ಹೊಟ್ಟೆಯೂ ಕಿರಿದಾಗುತ್ತಿದೆ, ಸಮುದ್ರತೀರದ ಭೂಮಿಗೆ ಹೊಸ ಮಣ್ಣೂ ಇಲ್ಲದಂತಾಗಿದೆ.

ಮನುಷ್ಯನ ಪಾಲು

ಪ್ರಕೃತಿಯ ಈ ವ್ಯಾಪಾರವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದರ ವೇಗವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಶಕ್ತಿ ಮಾತ್ರ ಉಂಟು. ಹಿಂದಿನ ರೈತನು ಹೊಲದ ಕೆಳಅಂಚಿಗೆ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಬಿಟ್ಟು ತಾನು ಮಾತ್ರ ಇಳಿದುಹೋಗುವಂತೆ ಕಲ್ಲಿನ ಕೋಡಿಯನ್ನು ಕಟ್ಟಿ, ವರ್ಷವರ್ಷವೂ ಅದನ್ನು ಎತ್ತರಿಸುತ್ತ ಬಂದನು. ಅಂತಹ ಒಡ್ಡಿನ ಹಿಂದೆ ನಿಂತ ಹೊಲವು ಎರಡು ಮೂರು ತಲೆಮಾರಿನಲ್ಲಿ ಮಡ್ಡಿಯಿಂದ ಎರೆಯಾಗಿ ಮಾರ್ಪಟ್ಟುದಕ್ಕೆ ಉದಾಹರಣೆಗಳು ಈ ಸೀಮೆಯಲ್ಲಿ ಊರೂರಿಗೂ ಸಿಗುತ್ತವೆ. ಹಳ್ಳವು ಒಯ್ಯತಕ್ಕ ಮಣ್ಣನ್ನು ಹಾದಿಯಲ್ಲಿಯೇ ತಡೆದು ತನ್ನದಾಗಿಸಿಕೊಂಡ ಆ ರೈತನಿಗೆ ಭೂವಿಜ್ಞಾನದ ಹೆಸರು ತಿಳಿಯದಿದ್ದರೂ ಅದರ ತತ್ತ್ವವು ಕರಗತವಾಗಿತ್ತು.

ಬರಗಾಲಗಳಿಂದ ಮೇಲಿಂದ ಮೇಲೆ ನೊಂದ ಈ ನಾಡಿಗಾಗಿ ಮುಂಬಯಿ ಪ್ರಾಂತದ ಕಾಲದಲ್ಲಿ, 1933ರ ಸುಮಾರಿಗೆ, ಸೋಲಾಪುರದೊಡನೆ ವಿಜಯಪುರದಲ್ಲಿಯೂ ಒಣಬೇಸಾಯದ ಸಂಶೋಧನೆಯು ಆರಂಭವಾಯಿತು. 1942ರಲ್ಲಿ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯು ಜಾರಿಗೆ ಬಂದು ಸಮಪಾತಳಿಯ ಒಡ್ಡುಗಳ ಕೆಲಸವು ವಿಸ್ತಾರವಾಗಿ ನಡೆಯಿತು. ಆದರೆ ಅನುಭವವು ಕಲಿಸಿದ ಪಾಠವೊಂದಿದೆ. ಗರಸಿನ ಹೊಲಕ್ಕೆ ಒಪ್ಪುವ ಸಮಪಾತಳಿ ಒಡ್ಡು ಆಳವಾದ ಎರೆಗೆ ಒಪ್ಪುವುದಿಲ್ಲ. ಅಲ್ಲಿ ಒಡ್ಡೇ ಬಿರುಕುಬಿಟ್ಟು ಒಡೆಯುತ್ತದೆ, ಇಲ್ಲವೆ ನೀರು ನಿಂತು ಬೆಳೆಯು ಕೆಡುತ್ತದೆ. ಎರೆಗೆ ಅಲ್ಪ ಇಳುಕಲುಳ್ಳ ಒಡ್ಡೂ, ಮಳೆಗಾಲದಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ವಿಂಗಡಿಸಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವ ಪದ್ಧತಿಯೂ ಹಿತ. ನೆಲವನ್ನು ಅರಿತು ಮದ್ದು ಮಾಡಬೇಕೆಂಬುದು ಇದರ ತಾತ್ಪರ್ಯ.

ಮೇಲುಸೀಮೆಯಲ್ಲಿ ಇತ್ತೀಚಿನ ದಶಕಗಳಲ್ಲಿ ಆಗಿರುವ ಬದಲಾವಣೆಯು ಗಮನಾರ್ಹ. ಜೋಳಕ್ಕೆ ಬಡವೆನಿಸಿದ್ದ ಗರಸುನೆಲವೇ, ಅದರಲ್ಲಿ ನೀರು ನಿಲ್ಲದೆ ಬಸಿದುಹೋಗುವುದರಿಂದ, ದ್ರಾಕ್ಷಿ ದಾಳಿಂಬೆಗಳಿಗೆ ಪ್ರಶಸ್ತವಾಯಿತು. ತಿಕೋಟಾದ ಒಣದ್ರಾಕ್ಷಿಯು ದೂರದ ಮಾರುಕಟ್ಟೆಗಳಿಗೆ ಹೋಗುತ್ತದೆ. ಅರ್ಧ ಕೊಳೆತ ಕರಿಕಲ್ಲಿಗೆ ಇಂತಹ ಬೆಲೆ ಬಂದುದು ಸಂತೋಷದ ವಿಷಯವೇ. ಆದರೆ ಪಡಕ್ಕಾಗಿ ದಿಬ್ಬವನ್ನು ಯಂತ್ರದಿಂದ ಸಮಮಾಡುವಾಗ ಹಳೆಯ ಒಡ್ಡುಗಳೂ ಅವುಗಳ ಮೇಲಿನ ಗಿಡಗಂಟಿಗಳೂ ಕಿತ್ತುಹೋದಲ್ಲಿ, ಸಡಿಲವಾದ ಮಣ್ಣು ಮುಂದಿನ ಮಳೆಗೆ ಹಳ್ಳದ ಪಾಲಾಗುವುದರಲ್ಲಿ ಸಂಶಯವಿಲ್ಲ.

ಡೋಣಿಯ ಪಾತ್ರದಲ್ಲಿ ಹೂಳು ತುಂಬಿ, ತಳವು ಏರಿ, ದೊಡ್ಡ ಮಳೆ ಬಂದಾಗ ನೀರು ದಂಡೆ ಮೀರಿ ಹೊಲಗಳಿಗೆ ನುಗ್ಗುವುದೂ, ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯು ಸಾರವಾಡದ ಬಳಿ ತಡೆಯಾಗುವುದೂ ಈ ಸೀಮೆಯವರಿಗೆ ಪರಿಚಿತವಾದ ಸಂಕಟ. ಹೂಳು ತೆಗೆಯಿರೆಂಬ ಕೂಗು ಬಹುಕಾಲದಿಂದ ಕೇಳಿಬರುತ್ತಿದೆ. ಹೊಲ ಮುಳುಗಿದವನ ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಹೂಳೆಂಬುದು ನದಿಯಲ್ಲಿ ಹುಟ್ಟಿದ ವಸ್ತುವಲ್ಲ. ಅದು ಕಳ್ಳಕವಟಗಿಯಂತಹ ಮೇಲೂರುಗಳ ಹೊಲಗಳಿಂದಲೂ, ಗಡಿಯಾಚೆಯ ಜತ್ತದ ದಿಬ್ಬಗಳಿಂದಲೂ ಇಳಿದುಬಂದ ಮೇಲ್ಮಣ್ಣು. ಒಂದು ಅಂಗುಲ ಮಣ್ಣು ಹುಟ್ಟುವುದಕ್ಕೆ ಶತಮಾನಗಳು ಬೇಕು. ಅದು ಹೋಗುವುದಕ್ಕೆ ಕೆಲವೇ ಮಳೆಗಾಲಗಳು ಸಾಕು. ಮೇಲಿನಿಂದ ಬರುವುದನ್ನು ತಡೆಯದೆ ಕೆಳಗೆ ಎಷ್ಟು ತೋಡಿದರೂ ಆ ಕೆಲಸವು ಮುಗಿಯತಕ್ಕದ್ದಲ್ಲ. ಆದುದರಿಂದ ಡೋಣಿಯ ಚಿಕಿತ್ಸೆಯು ಡೋಣಿಯಲ್ಲಿ ಆರಂಭವಾಗದೆ ಮಡ್ಡಿಯ ನೆತ್ತಿಯಲ್ಲಿ ಆರಂಭವಾಗಬೇಕು. ದಿಬ್ಬದ ತಲೆಗೆ ಹುಲ್ಲು ಗಿಡಗಳ ಹೊದಿಕೆ, ಇಳಿಜಾರಿಗೆ ಒಡ್ಡು ಕೋಡಿ, ಕೊರಕಲಿಗೆ ಕಲ್ಲಿನ ತಡೆ, ಎರೆಗೆ ಚೌಕು ಮಡಿ, ಇವೆಲ್ಲ ಆದ ಮೇಲೆ ನದಿಯ ಹೂಳು, ಇದೇ ಸರಿಯಾದ ಕ್ರಮ. ನದಿಯು ಎರಡು ರಾಜ್ಯಗಳಿಗೆ ಸೇರಿದ್ದಾದ್ದರಿಂದ ಈ ಕಾರ್ಯವನ್ನು ಕರ್ನಾಟಕ ಮಹಾರಾಷ್ಟ್ರಗಳೆರಡೂ ಕೂಡಿ ಕೈಗೊಳ್ಳತಕ್ಕದ್ದು. ಸರಕಾರಗಳು ಕೂಡುವವರೆಗೆ ಕಾಯದೆ, ಹೊಲದ ಒಡೆಯನು ಈ ಬೇಸಗೆಯಲ್ಲಿಯೇ ತನ್ನ ಒಡ್ಡನ್ನು ಭದ್ರಪಡಿಸಿಕೊಳ್ಳತಕ್ಕದ್ದು.